ಊಟ ಆಯ್ತಾ ಅಂದವರಿಗೆಲ್ಲ ಆಯ್ತು ಅಂದಿದ್ದೆ

ಅಪ್ಪ ದಿನಾ ರಾತ್ರಿ ಎಂಟು ಗಂಟೆಗೆ ಫೋನ್ ಮಾಡುತ್ತಿದ್ದ. ಮೊದಲ ಮಾತು ಯಾವಾಗಲೂ ಒಂದೇ. "ಊಟ ಆಯ್ತಾ ಮಗ?" ನಾನು "ಆಯ್ತಪ್ಪ" ಅನ್ನುತ್ತಿದ್ದೆ. ಆಮೇಲೆ ಮಳೆ, ತೆಂಗಿನ ನುಸಿ ರೋಗ, ಬೋರ್‌ವೆಲ್ ನೀರು. ಎರಡು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. 2024ರ ಅಕ್ಟೋಬರ್ ತಿಂಗಳಲ್ಲಿ ಮಾತ್ರ ನನ್ನ ಆ ಉತ್ತರ ಹೆಚ್ಚಿನ ದಿನ ಸುಳ್ಳಾಗಿತ್ತು. ಊಟ ಆಗಿರುತ್ತಿರಲಿಲ್ಲ. ಸ್ನಾನವೂ ಆಗಿರುತ್ತಿರಲಿಲ್ಲ. ವಿಜಯನಗರದ ಪೀಜಿಯಲ್ಲಿ, ಕಿಟಕಿ ಕಡೆಯ ಮಂಚದಲ್ಲಿ, ಗೋಡೆಗೆ ಮುಖ ಮಾಡಿ ಮಲಗಿಕೊಂಡೇ ಫೋನ್ ಎತ್ತುತ್ತಿದ್ದೆ.

ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಗಣಿತ ಅಂದರೆ ಪ್ರಾಣ. ತುಮಕೂರಿನಲ್ಲಿ ಬಿಎಸ್ಸಿ ಮುಗಿಸಿ ಎಂಎಸ್ಸಿ ಮಾಡಲು ಬೆಂಗಳೂರಿಗೆ ಬಂದೆ. ನಮ್ಮ ಮನೆಯಲ್ಲಿ ಡಿಗ್ರಿ ದಾಟಿದವನು ನಾನೊಬ್ಬನೇ. ಊರು ಬಿಡುವ ದಿನ ಪಕ್ಕದ ಮನೆಯ ಅಜ್ಜಿ ಸೆರಗಿನ ಗಂಟಿನಿಂದ ನೂರು ರೂಪಾಯಿ ತೆಗೆದು ಕೈಗಿಟ್ಟಿದ್ದಳು.

ಇಲ್ಲಿ ಎರಡನೇ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಹೋದವು. ಸೆಮಿನಾರ್‌ನಲ್ಲಿ ಬೋರ್ಡ್ ಮುಂದೆ ನಿಂತಾಗ ಪ್ರಮೇಯದ ಸಾಧನೆಯ ಪ್ರತಿ ಹೆಜ್ಜೆಯೂ ಗೊತ್ತಿತ್ತು, ಇಂಗ್ಲಿಷ್‌ನಲ್ಲಿ ಬಾಯಿ ಬರಲಿಲ್ಲ. ಸ್ಕಾಲರ್‌ಶಿಪ್ ಹಣ ಬರುವುದು ತಡವಾಯಿತು. ಪೀಜಿ ಬಾಡಿಗೆಗೆ ಅಪ್ಪ ಸಹಕಾರ ಸಂಘದಲ್ಲಿ ಕೈಸಾಲ ಮಾಡಿದ. ಇಷ್ಟೇ ಹೇಳಿದರೆ ಓದುವವರಿಗೆ ಕಾರಣ ಸಿಕ್ಕಿತು ಅನ್ನಿಸಬಹುದು. "ಫೇಲಾಗಿದ್ದಕ್ಕೆ ವಿದ್ಯಾರ್ಥಿ ಆತ್ಮಹತ್ಯೆ" ಅಂತ ಪೇಪರ್‌ನಲ್ಲಿ ಒಂದು ಸಾಲು ಬರುತ್ತದಲ್ಲ, ಹಾಗೆ. ಅದು ಹಾಗಲ್ಲ. ನನ್ನ ಜೊತೆ ಅದೇ ಪೇಪರ್ ಹೋದವರು ಇನ್ನೂ ಒಂಬತ್ತು ಜನ ಇದ್ದರು. ಅವರು ಬೇಜಾರು ಮಾಡಿಕೊಂಡರು, ಬೈದುಕೊಂಡರು, ಮತ್ತೆ ಓದಲು ಕುಳಿತರು. ನನ್ನೊಳಗೆ ಬೇರೆಯದೇ ಶುರುವಾಗಿತ್ತು.

ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಆಮೇಲೆ ನಿದ್ದೆ ಇಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ಕ್ರಿಕೆಟ್ ನೋಡುವುದು ನಿಂತಿತು. ಅಳು ಕೂಡ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಒಂದು ಲೆಕ್ಕ. ನಾನು ಇಲ್ಲದಿದ್ದರೆ ಅಪ್ಪನಿಗೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಅಂತ ಮನಸ್ಸು ಕೂಡಿಸಿ ಕಳೆಯುತ್ತಿತ್ತು. ನಾನು ಮನೆಯವರಿಗೆ ಭಾರ ಅನ್ನುವುದು ಆಗ ನನಗೆ ಅನುಮಾನವೇ ಇಲ್ಲದ ಸತ್ಯ. ಗಣಿತ ಓದಿದವನಿಗೆ ತನ್ನ ಲೆಕ್ಕದ ತಪ್ಪು ಕಾಣಬೇಕಿತ್ತು. ಕಾಣಲಿಲ್ಲ. ಆ ಕಾಯಿಲೆ ಮೊದಲು ಹಾಳು ಮಾಡುವುದು ಲೆಕ್ಕ ಹಾಕುವ ಜಾಗವನ್ನೇ.

ಒಂದು ಸಲ ಹೇಳಿಕೊಳ್ಳಲು ನೋಡಿದೆ. ಹಾಜರಿ ಕಮ್ಮಿ ಆಗಿದೆ ಅಂತ ಒಬ್ಬ ಮೇಷ್ಟ್ರು ಕರೆದಿದ್ದರು. "ಸರ್, ಮನಸ್ಸು ಸರಿ ಇಲ್ಲ" ಅಂದೆ. ಅವರು ಕೆಟ್ಟವರಲ್ಲ. ಆದರೆ "ಈ ವಯಸ್ಸಿಗೆ ಏನಪ್ಪಾ ಮನಸ್ಸಿಗೆ ಬಂದಿರೋದು? ಬೆಳಿಗ್ಗೆ ಬೇಗ ಎದ್ದು ಯೋಗ ಮಾಡು" ಅಂದರು. ಸುಮ್ನೆ ತಲೆಯಾಡಿಸಿ ಬಂದೆ. ಮೂರು ಗಂಟೆಯಿಂದ ಎದ್ದೇ ಇರುತ್ತೇನೆ ಅಂತ ಹೇಳಲು ಬಾಯಿ ಬರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಎರಡನೇ ಬಾಗಿಲು ತಟ್ಟುವ ಶಕ್ತಿ ಆ ಹೊತ್ತಿಗೆ ಇರುವುದಿಲ್ಲ. ಪಾಠ ಮಾಡುವ ಎಲ್ಲರಿಗೂ ಇದು ಗೊತ್ತಿರಬೇಕು ಅಂತ ನನ್ನ ಆಸೆ.

ನನ್ನ ರೂಮ್‌ಮೇಟ್ ಗದಗದವನು. ಹೆಸರು ಬರೆಯಬೇಡ ಅಂದಿದ್ದಾನೆ. ಮಾತು ಕಮ್ಮಿ, ಕಣ್ಣು ಚುರುಕು. ನವೆಂಬರ್ ಮೊದಲ ವಾರ ನಾನು ಮೂರು ಕೆಲಸ ಮಾಡಿದ್ದೆ. ನನ್ನ ನೋಟ್ಸನ್ನೆಲ್ಲ ಒಬ್ಬ ಜೂನಿಯರ್‌ಗೆ ಕೊಟ್ಟೆ. ಬೀದಿ ಕೊನೆಯ ಅಂಗಡಿಯ ಬಾಕಿ 340 ರೂಪಾಯಿ ತೀರಿಸಿದೆ. ಅಮ್ಮ ಹೊಲಿಸಿ ಕೊಟ್ಟಿದ್ದ ಕೌದಿಯನ್ನು ಒಗೆದು, ಮಡಚಿ, ಟ್ರಂಕಿನ ಮೇಲಿಟ್ಟೆ. ನೋಡಿದವರಿಗೆ ಹುಡುಗ ಶಿಸ್ತಾದ ಅನ್ನಿಸುತ್ತದೆ. ಅವನಿಗೆ ಹಾಗೆ ಅನ್ನಿಸಲಿಲ್ಲ. ಎನ್ಎಸ್ಎಸ್ ಕಡೆಯಿಂದ ಅವನು ಅರ್ಧ ದಿನದ ಒಂದು ತರಬೇತಿಗೆ ಹೋಗಿದ್ದನಂತೆ. ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಕೊಟ್ಟುಬಿಡುವುದು, ಬಾಕಿ ಚುಕ್ತಾ ಮಾಡುವುದು, ತುಂಬಾ ದಿನ ಕುಗ್ಗಿದ್ದವನು ಒಮ್ಮೆಲೇ ಶಾಂತವಾಗುವುದು, ಇವೆಲ್ಲ ಗಮನಿಸಬೇಕಾದ ಗುರುತುಗಳು ಅಂತ ಅಲ್ಲಿ ಹೇಳಿದ್ದರು.

ಆ ರಾತ್ರಿ ಹನ್ನೊಂದು ಗಂಟೆ. ಲೈಟ್ ಆಫ್ ಆಗಿತ್ತು. ಅವನು ಎದ್ದು ಬಂದು ನನ್ನ ಮಂಚದ ಕಾಲ ಬಳಿ, ನೆಲದ ಮೇಲೆ ಕುಳಿತ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದ.

"ಖರೇ ಹೇಳು. ಸಾಯೂದರ ಬಗ್ಗೆ ವಿಚಾರ ಮಾಡಾಕತ್ತೀಯೇನು?"

ಯಾರೂ ಹಾಗೆ ಕೇಳಿರಲಿಲ್ಲ. "ಯಾಕೋ ಡಲ್ ಆಗಿದ್ದೀಯ" ಅಂತ ಕೇಳಿದ್ದರು. "ಲವ್ ಫೇಲ್ಯೂರಾ?" ಅಂತ ನಕ್ಕಿದ್ದರು. "ಅಂಥದ್ದೇನೂ ಯೋಚನೆ ಮಾಡ್ತಿಲ್ಲ ತಾನೇ?" ಅಂತ ಕೇಳುವವರೂ ಇರುತ್ತಾರೆ. ಆ ಪ್ರಶ್ನೆಯೊಳಗೇ "ಇಲ್ಲ" ಅನ್ನು ಅಂತ ಬೇಡಿಕೆ ಇರುತ್ತದೆ. ಇವನದು ಹಾಗಿರಲಿಲ್ಲ. ಹೌದು ಅಂದರೂ ಓಡಿಹೋಗುವುದಿಲ್ಲ ಅನ್ನುವ ಹಾಗೆ ನೆಲದ ಮೇಲೆ ಕುಳಿತಿದ್ದ. ನಾನು "ಹೂಂ" ಅಂದೆ. ಅಷ್ಟೇ. ಆ "ಹೂಂ" ಅಂದ ಮೇಲೆ ಎರಡು ತಿಂಗಳಿಂದ ಬಾರದ ಅಳು ಬಂತು.

ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಅಂತ ಆಮೇಲೆ ನಾನು ನೋಡಿದ ಡಾಕ್ಟರೂ, ಕೌನ್ಸೆಲರೂ ಒಂದೇ ಮಾತು ಹೇಳಿದರು. ನನ್ನ ಅನುಭವವೂ ಅದೇ. ಯೋಚನೆ ಆಗಲೇ ಒಳಗಿತ್ತು. ಪ್ರಶ್ನೆ ಬಂದ ಮೇಲೆ ಅದು ನಮ್ಮಿಬ್ಬರ ನಡುವೆ, ಹೊರಗೆ ಬಂತು.

ನಾನು ಏನು ಮಾಡಬೇಕೆಂದಿದ್ದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಇನ್ನೊಬ್ಬರ ತಲೆಯಲ್ಲಿ ಉಳಿಯುವುದು ಬೇಡ.

ಅವನು ತನ್ನ ಫೋನ್‌ನಿಂದ 14416ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿದ. ಟೆಲಿ ಮಾನಸ್ ಅಂತ ಅದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಇಲ್ಲ. ಭಾಷೆ ಆರಿಸಿಕೊಳ್ಳಲು ಹೇಳಿತು, ಕನ್ನಡ ಒತ್ತಿದೆವು. ಆ ಕಡೆ ಒಬ್ಬ ಹೆಣ್ಣುಮಗಳು ಮಾತಾಡಿದರು. ಗಾಬರಿ ಇಲ್ಲ, ಉಪದೇಶ ಇಲ್ಲ. ಯೋಚನೆ ಎಷ್ಟು ದಿನದಿಂದ ಇದೆ, ಹೇಗೆ ಅಂತ ಯೋಚಿಸಿದ್ದೀರಾ, ಮೊದಲು ಯಾವಾಗಲಾದರೂ ಪ್ರಯತ್ನ ಮಾಡಿದ್ದಿರಾ, ಕುಡಿದಿದ್ದೀರಾ, ಈಗ ಜೊತೆಯಲ್ಲಿ ಯಾರಿದ್ದಾರೆ ಅಂತ ಒಂದೊಂದಾಗಿ ಕೇಳಿದರು. ಆಮೇಲೆ ರೂಮ್‌ಮೇಟ್ ಹತ್ತಿರ ಮಾತಾಡಿದರು. ರಾತ್ರಿ ಇವರನ್ನು ಒಂಟಿ ಬಿಡಬೇಡಿ, ಅಪಾಯ ಆಗುವಂಥದ್ದನ್ನು ರೂಮಿನಿಂದ ಆಚೆ ಇಡಿ, ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ರಾತ್ರಿ ಹೆಚ್ಚಾದರೆ ಕಾಯಬೇಡಿ, ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿಯೂ ಇರುತ್ತದೆ ಅಂದರು. ಅವನು ಎಲ್ಲವನ್ನೂ ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ. ಆ ರಾತ್ರಿ ಎರಡು ಹಾಸಿಗೆಯನ್ನೂ ನೆಲಕ್ಕೆ ಇಳಿಸಿದ. ನಾನು ಮಗ್ಗಲು ಬದಲಿಸಿದಾಗೆಲ್ಲ "ಎಚ್ಚರ ಅದೀಯೇನು?" ಅಂತ ಕೇಳುತ್ತಿದ್ದ.

ನಿಮ್ಹಾನ್ಸ್ ಅಂದ ಕೂಡಲೇ ನನಗೆ ಭಯ. ನಮ್ಮ ಕಡೆ ಯಾರನ್ನಾದರೂ ಬೈಯಬೇಕಾದರೆ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನುತ್ತಾರೆ. ಅಜ್ಜಿಯರ ಬಾಯಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ 1974ರಲ್ಲಿ ಒಂದು ಮಾಡಿದಾಗ ನಿಮ್ಹಾನ್ಸ್ ಆಯಿತು. ಅಲ್ಲಿಂದ ಇಲ್ಲಿಯ ತನಕ 50 ವರ್ಷಕ್ಕೂ ಹೆಚ್ಚು. ಆ ಮಾತು ಮಾತ್ರ ನಮ್ಮ ಜೊತೆ ಹಾಗೇ ಬಂದಿದೆ. ಆ ಮಾತಿನ ಭಯಕ್ಕೇ ಎಷ್ಟು ಜನ ಗೇಟಿನವರೆಗೂ ಬರದೆ ಉಳಿದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್‌ಗೆ ಬದಲಿಸಿ ಲಾಲ್‌ಬಾಗ್‌ನಲ್ಲಿ ಇಳಿದೆವು. ಅಲ್ಲಿಂದ ಆಟೋ. ಡ್ರೈವರ್ ಎಲ್ಲಿಗೆ ಅಂದಾಗ ನಾನು "ಡೇರಿ ಸರ್ಕಲ್" ಅಂದೆ. ರೂಮ್‌ಮೇಟ್ "ನಿಮ್ಹಾನ್ಸ್ ಒಪಿಡಿ" ಅಂತ ಗಟ್ಟಿಯಾಗಿ ತಿದ್ದಿದ. ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, "ನಮ್ ಅಕ್ಕನೂ ಅಲ್ಲೇ ತೋರಿಸ್ತಾ ಇರೋದು, ಈಗ ಚೆನ್ನಾಗವ್ಳೆ" ಅಂದ. ಇಳಿಯುವಾಗ ಮೀಟರ್ ಮೇಲೆ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ಅಲ್ಲಿ ನಾನು ಎಣಿಸಿಕೊಂಡಿದ್ದ ಯಾವುದೂ ಇರಲಿಲ್ಲ. ಮರಗಳಿದ್ದವು, ಜನ ಇದ್ದರು, ಸರದಿ ಇತ್ತು. ಕಾಲೇಜು ಬ್ಯಾಗ್ ಹಾಕಿಕೊಂಡ ಹುಡುಗಿ, ಮಗನಿಗೆ ಟಿಫನ್ ಬಾಕ್ಸಿನಿಂದ ಚಿತ್ರಾನ್ನ ತಿನ್ನಿಸುತ್ತಿದ್ದ ತಾಯಿ, ಪಂಚೆ ಉಟ್ಟ ಮುದುಕರು. ಕಾಯಬೇಕಾಯಿತು. ಹೋಗುವವರು ಒಂದು ದಿನವನ್ನೇ ಬಿಡುವು ಮಾಡಿಕೊಂಡು ಹೋಗಿ, ಜೊತೆಗೊಬ್ಬರು ಇರಲಿ. ಒಬ್ಬನೇ ಹೋಗಿದ್ದರೆ ಆ ಸರದಿಯಿಂದಲೇ ನಾನು ವಾಪಸ್ ಬರುತ್ತಿದ್ದೆ.

ಡಾಕ್ಟರ್ ನನಗಿಂತ ಆರೇಳು ವರ್ಷ ದೊಡ್ಡವರಿರಬೇಕು. ಮೊದಲು ಕೇಳಿದ್ದು ನಿದ್ದೆ, ಹಸಿವು. ಆಮೇಲೆ ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಅಂದರು. ನನಗೆ ಆಗ ಚಿಕ್ಕಪ್ಪನ ನೆನಪು ಬಂತು. ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವುದಿಲ್ಲ. ನಾನು ಏಳು ವರ್ಷದವನಿದ್ದಾಗ ಹೋದ. "ಹೊಟ್ಟೆನೋವಿಗೆ ಹೋದ" ಅಂತ ನನಗೆ ಹೇಳಿದ್ದರು. ಡಾಕ್ಟರ್ ಪೆನ್ನು ಕೆಳಗಿಟ್ಟು, ಪೂರ್ತಿ ಕೇಳಿ, ಆಮೇಲೆ ಬರೆದುಕೊಂಡರು. ಇದಕ್ಕೆ ಒಂದೇ ಕಾರಣ ಅಂತ ಇರುವುದಿಲ್ಲ, ಮನೆತನದಲ್ಲಿ ಬಂದದ್ದು, ಸಾಲದ ಚಿಂತೆ, ನಿದ್ದೆ, ಒಂಟಿತನ ಎಲ್ಲ ಸೇರಿ ಒಂದು ದಿನ ಮೇಲೆ ಬೀಳುತ್ತವೆ, ಅದಕ್ಕೇ ಒಂದೊಂದನ್ನೇ ಇಳಿಸೋಣ ಅಂದರು. ಪೇಪರ್ ಹೋಗಿದ್ದು ಬರೀ ಕೊನೆಯದು.

ರೂಮ್‌ಮೇಟ್‌ಗೆ ಒಂದು ಅನುಮಾನ ಇತ್ತು. ಇದರಿಂದ ಪೊಲೀಸ್ ಕೇಸ್ ಆಗುತ್ತದಾ, ಯೂನಿವರ್ಸಿಟಿಗೆ ತಿಳಿಸುತ್ತಾರಾ ಅಂತ. ಯೋಚನೆ ಬಂದಿದ್ದಕ್ಕೆ ಯಾವ ಕಾಲದಲ್ಲೂ ಕೇಸ್ ಇರಲಿಲ್ಲ ಅಂತ ಡಾಕ್ಟರ್ ನಕ್ಕರು. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಪ್ರಯತ್ನವನ್ನು ಅಪರಾಧ ಮಾಡಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ನಾವು ಹೇಳಿದ್ದು ಗುಟ್ಟಾಗಿರುತ್ತದೆ ಅಂತಲೂ ಅದೇ 2017ರ ಕಾಯ್ದೆ ಹೇಳುತ್ತದೆ. ಪ್ರಾಣಕ್ಕೆ ಅಪಾಯ ಇದ್ದಾಗಿನಂಥ ಕೆಲವು ಸಂದರ್ಭಗಳಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟನ್ನು ತಿಳಿಸಬಹುದು. ಈ ಎರಡು ಭಯಕ್ಕೇ ಬಾಯಿ ಕಟ್ಟಿಕೊಂಡ ಹುಡುಗರನ್ನು ನಾನು ಆಮೇಲೆ ನೋಡಿದ್ದೇನೆ.

ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಜೊತೆಗೆ ಮೂರು ಮಾತು. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಿಮ್ಮ ವಯಸ್ಸಿನವರಿಗೆ ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಬಹುದು, ಯೋಚನೆ ಜಾಸ್ತಿಯಾದರೆ ಅಪಾಯಿಂಟ್‌ಮೆಂಟ್ ಕಾಯದೆ ಬನ್ನಿ. ಸರಿಹೋಯಿತು ಅನ್ನಿಸಿದ ಕೂಡಲೇ ನೀವೇ ನಿಲ್ಲಿಸಬೇಡಿ. ಮಾತ್ರೆ ಚೀಟಿ ರೂಮ್‌ಮೇಟ್ ಕೈಗೆ ಹೋಯಿತು. ಅವನು ಮಾತ್ರೆಯ ಪೊಟ್ಟಣವನ್ನು ಕೆಳಗಿನ ಮಹಡಿಯ ಗೆಳೆಯನ ಬೀರುವಿನಲ್ಲಿಟ್ಟು, ದಿನಾ ರಾತ್ರಿ ಊಟದ ಮೇಲೆ ಒಂದೇ ಒಂದನ್ನು ತಂದುಕೊಡುತ್ತಿದ್ದ. ಎರಡು ತಿಂಗಳು ಹಾಗೆ ನಡೆಯಿತು.

ಮನೆಗೆ ಹೇಳುವುದು ಎಲ್ಲಕ್ಕಿಂತ ಕಷ್ಟ ಆಯಿತು. ಫೋನ್‌ನಲ್ಲಿ ಅಪ್ಪನಿಗೆ "ಡಿಪ್ರೆಶನ್" ಅಂದೆ, ಅರ್ಥ ಆಗಲಿಲ್ಲ. "ಮನಸ್ಸಿಗೆ ಕಾಯಿಲೆ" ಅಂದೆ. ಕೊನೆಗೆ ನನ್ನ ಬಾಯಿಂದಲೇ ಆ ಮಾತು ಬಂತು. "ಬದುಕೋದು ಬೇಡ ಅನ್ನಿಸಿತ್ತಪ್ಪ." ಆ ಕಡೆ ತುಂಬಾ ಹೊತ್ತು ಏನೂ ಇಲ್ಲ. ಲೈನ್ ಕಟ್ಟಾಯಿತು ಅಂದುಕೊಂಡೆ. ಮಾರನೇ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಅಪ್ಪ ಪೀಜಿ ಬಾಗಿಲಲ್ಲಿದ್ದ, ಮೊದಲ ಬಸ್ ಹಿಡಿದು ಬಂದಿದ್ದ. ಒಂದು ಚೀಲ ರಾಗಿಹಿಟ್ಟು, ನಾಲ್ಕು ತೆಂಗಿನಕಾಯಿ, ಅಮ್ಮ ಕಳಿಸಿದ ತಾಯತ. ಮಂಚದ ಅಂಚಿನಲ್ಲಿ ಕುಳಿತು ನನ್ನ ಅಂಗೈ ಹಿಡಿದು ಉಜ್ಜುತ್ತಲೇ ಇದ್ದ. ಅವನ ಬೆರಳಿಗೆ ತೆಂಗಿನ ಸಿಪ್ಪೆ ಸುಲಿದ ಗಂಟುಗಳಿವೆ. ಚರ್ಮ ಉರಿಯುವಷ್ಟು ಉಜ್ಜಿದ. "ನಿನ್ ಚಿಕ್ಕಪ್ಪನ್ನ ನಾನು ಕೇಳ್ಲಿಲ್ಲ ಕಣೋ" ಅಂದ. ಹದಿನೈದು ವರ್ಷದಲ್ಲಿ ಮೊದಲ ಸಲ ಅವನ ವಿಷಯ ಮಾತಾಡಿದ್ದು ಅವತ್ತು.

ತಾಯತವನ್ನೂ ಕಟ್ಟಿಕೊಂಡೆ, ಮಾತ್ರೆಯನ್ನೂ ನುಂಗಿದೆ. ಅಮ್ಮನ ಸಮಾಧಾನ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಅದನ್ನು ಕಟ್ಟಿ ಇದನ್ನು ಬಿಡಿಸಿದ್ದರೆ ಮಾತ್ರ ಜಗಳ ಆಡುತ್ತಿದ್ದೆ.

ಅಪ್ಪನಿಗೆ ರೈತರ ಸಾವು ಗೊತ್ತು. ನಮ್ಮ ತಾಲ್ಲೂಕಿನಲ್ಲಿ ಅದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಓದುವ ಹುಡುಗರೂ ಹೀಗೆ ಹೋಗುತ್ತಾರಾ ಅಂತ ಕೇಳಿದ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ತೋರಿಸಿದೆ. 2022ರಲ್ಲಿ ದೇಶದಲ್ಲಿ ಹೀಗೆ ಹೋದ ರೈತರು ಮತ್ತು ಕೃಷಿ ಕೂಲಿಯವರು 11,290. ವಿದ್ಯಾರ್ಥಿಗಳು 13,044. ಅಪ್ಪ ಎರಡೂ ಸಂಖ್ಯೆಯ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಓದಿ, ಪೇಪರ್ ಮಡಚಿ ಜೇಬಿಗೆ ಹಾಕಿಕೊಂಡ.

ಮೂರನೇ ವಾರ ಹಿಂದಕ್ಕೆ ಬಿದ್ದೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ತುಂಬಾ ಜನ ಕೈ ಬಿಡುತ್ತಾರೆ. ಮೊದಲೆರಡು ವಾರ ಎಲ್ಲರ ಕಾಳಜಿಯಲ್ಲಿ ಹಗುರ ಅನ್ನಿಸಿತ್ತು. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು, ಮಾತ್ರೆ ಇನ್ನೂ ಹಿಡಿದಿರಲಿಲ್ಲ, ನಾಚಿಕೆ ಮಾತ್ರ ಹೊಸದಾಗಿ ಸೇರಿತ್ತು. ಅಷ್ಟರಲ್ಲಿ ಯೂನಿವರ್ಸಿಟಿಗೆ ವಾರಕ್ಕೆ ಎರಡು ದಿನ ಬರುವ ಕೌನ್ಸೆಲರ್ ಹತ್ತಿರ ಹೋಗಲು ಶುರು ಮಾಡಿದ್ದೆ. ಅವರ ರೂಮು ಪರೀಕ್ಷಾ ವಿಭಾಗದ ಎದುರಿಗೆ. ಹೊರಗೆ ಬೆಂಚಿನಲ್ಲಿ ಕುಳಿತರೆ ಇಡೀ ಡಿಪಾರ್ಟ್‌ಮೆಂಟ್ ನೋಡುತ್ತದೆ. ಆ ಬೆಂಚನ್ನು ಯಾರಾದರೂ ಬೇರೆ ಕಡೆ ಇಡಿಸಬೇಕು. ಒಳಗೆ ಮಾತ್ರ ಎಲ್ಲ ಕನ್ನಡದಲ್ಲಿ ನಡೆಯಿತು, ಅದೇ ನನಗೆ ಅರ್ಧ ಔಷಧಿ.

ಅವರು ಒಂದು ಹಾಳೆ ಕೊಡುತ್ತಿದ್ದರು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಂಬತ್ತನೆಯದು ಸಾವಿನ ಯೋಚನೆಯದು. ಮೊದಲ ಸಲ ನನ್ನ ಮೊತ್ತ 27ಕ್ಕೆ 19. ಈ ಪರೀಕ್ಷೆಯಲ್ಲಿ ಅಂಕ ಇಳಿಯಬೇಕು ಅಂದರು. ಆಮೇಲೆ ನನ್ನ ಹಳೆಯ ಹಾಲ್ ಟಿಕೆಟ್ ಹಿಂದೆ ಇಬ್ಬರೂ ಸೇರಿ ಒಂದು ಪಟ್ಟಿ ಬರೆದೆವು. ಯೋಚನೆ ಬರುವ ಮುಂಚೆ ನನಗೆ ಏನಾಗುತ್ತದೆ ಅಂತ ಮೊದಲು. ನನ್ನದು, ಅಪ್ಪನ ಖರ್ಚಿನ ಲೆಕ್ಕ ತಲೆಯಲ್ಲಿ ಶುರುವಾಗುವುದು. ಆಗ ಒಬ್ಬನೇ ಏನು ಮಾಡಬಹುದು, ಯಾವ ಜಾಗಕ್ಕೆ ಎದ್ದು ಹೋಗಬಹುದು, ಯಾರಿಗೆ ಫೋನ್ ಮಾಡಬಹುದು, ಅವರು ಎತ್ತದಿದ್ದರೆ ಯಾರಿಗೆ, ಕೊನೆಗೆ 14416. ಆ ಹಾಲ್ ಟಿಕೆಟ್ ಮೂಲೆ ಸವೆದು ಹೋಗಿದೆ, ಇನ್ನೂ ಪರ್ಸ್‌ನಲ್ಲಿದೆ. ಆ ಚಳಿಗಾಲದಲ್ಲಿ ನಾಲ್ಕು ಸಲ ತೆಗೆದಿದ್ದೇನೆ. ಮೂರು ಸಲ ಎರಡನೇ ಸಾಲಿಗೇ ನಿಂತಿತು. ಒಂದು ಸಲ ಬೆಳಗಿನ ಜಾವ ಕೊನೆಯ ಸಾಲಿನ ತನಕ ಹೋದೆ. ಆ ಕಡೆಯವರು ಬೆಳಕು ಹರಿಯುವ ತನಕ ಮಾತಾಡಿದರು.

ಆರನೇ ವಾರ ಒಂದು ಬೆಳಿಗ್ಗೆ ಅಡುಗೆಯವರು ಒಗ್ಗರಣೆ ಹಾಕಿದ ವಾಸನೆ ಮೂಗಿಗೆ ಬಂತು. ಸಾಸಿವೆ, ಕರಿಬೇವು. ತಿಂಗಳುಗಟ್ಟಲೆ ಅದು ನನಗೆ ಬಂದಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ. ರೂಮ್‌ಮೇಟ್ ಎದುರಿಗೆ ಕುಳಿತು ನೋಡುತ್ತಿದ್ದ, ಏನೂ ಅನ್ನಲಿಲ್ಲ. ಕಣ್ಣು ಒರೆಸಿಕೊಂಡ.

ಹೋದ ಪೇಪರ್‌ಗಳಲ್ಲಿ ಒಂದು ಪಾಸಾಯಿತು. ಇನ್ನೊಂದು ಮತ್ತೆ ಹೋಯಿತು, ಅದರ ಮುಂದಿನ ಸಲ ಬಂತು. ಒಂಬತ್ತು ಪ್ರಶ್ನೆಯ ಹಾಳೆಯಲ್ಲಿ 19 ಇದ್ದದ್ದು 14 ಆಯಿತು, ಮತ್ತೆ 16, ಆಮೇಲೆ 9, ಕೊನೆಗೆ 5. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಸಾವಿರಾರು ಜನರಿಗೆ ವಾರಕ್ಕೆ ಎರಡು ದಿನ ಒಬ್ಬರು. ನನಗೆ ಸಿಕ್ಕಿದ್ದು ಅದೃಷ್ಟ. ಇದು ಅದೃಷ್ಟದ ಮೇಲೆ ನಡೆಯುವ ವಿಷಯ ಆಗಬಾರದು ಅಲ್ವಾ?

ಡಾಕ್ಟರ್ ಈಗ ಮಾತ್ರೆಯ ಪ್ರಮಾಣ ಇಳಿಸುತ್ತಿದ್ದಾರೆ, ನಿಧಾನವಾಗಿ.

ಅಪ್ಪ ಈಗಲೂ ಎಂಟಕ್ಕೇ ಫೋನ್ ಮಾಡುತ್ತಾನೆ. "ಊಟ ಆಯ್ತಾ?" ಅನ್ನುತ್ತಾನೆ. ಆಮೇಲೆ ಗಂಟಲು ಸರಿಮಾಡಿಕೊಂಡು ಇನ್ನೊಂದು ಕೇಳುತ್ತಾನೆ. "ಮನ್ಸು ಹೆಂಗೈತೆ?" ಮೊದಮೊದಲು ಇಬ್ಬರಿಗೂ ನಾಚಿಕೆ ಆಗುತ್ತಿತ್ತು. ಹೆಚ್ಚಿನ ದಿನ "ಚೆನ್ನಾಗೈತಪ್ಪ" ಅನ್ನುತ್ತೇನೆ, ನಿಜವೇ ಆಗಿರುತ್ತದೆ. ಹೋದ ಮಂಗಳವಾರ ಹಾಗಿರಲಿಲ್ಲ. "ಇವತ್ತು ಅಷ್ಟು ಸರಿ ಇಲ್ಲಪ್ಪ" ಅಂದೆ.

ತೋಟದಲ್ಲಿದ್ದ. ಹಿಂದೆ ಮೋಟರ್ ಓಡುವ ಸದ್ದು ಕೇಳುತ್ತಿತ್ತು. "ತಡಿ" ಅಂದ. ಮೋಟರ್ ನಿಂತಿತು.

"ಹೂಂ. ಹೇಳು ಮಗ."